ಚಕ್ಕುಬಂದಿ

ಮಂಡ್ಯದ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಸಾಲಿನಲ್ಲಿ
ದೇವಾಜಮ್ಮಣ್ಣಿಯವರ ಟೈಪಿಂಗ್ ಅಂಗಡಿ.
ಹನ್ನೊಂದಕ್ಕೇ ಫೋನು: ‘ಬನ್ನಿ ಇವ್ರೇ,
ಸತ್ತು ಸತ್ತು ಹುಟ್ತಾ ಅದೆ ಇದು.’

ನಾನು ಹೋದಾಗ ಪರದೆಯ ಮೇಲೆ ವಿಭಾಗಪತ್ರ.
‘ಪೂರ್ವಕ್ಕೆ ಹೊಂಬಾಳಮ್ಮನ ಬಾಬ್ತು ಜಮೀನು,
ಪಶ್ಚಿಮಕ್ಕೆ ನಾಲೆಯ ಏರಿ,
ದಕ್ಷಿಣಕ್ಕೆ ಗಾಡಿ ಜಾಡು,
ಉತ್ತರಕ್ಕೆ’
ಟಕ್.
ಕತ್ತಲು. ಒಂದು ಬೀಪು. ಫ್ಯಾನಿನ ದೊಡ್ಡ ಉಸಿರು.
ಮತ್ತೆ ಮೊದಲಿಂದ.

ಹೊರಗೆ ಬೆಂಚಿನ ಮೇಲೆ ಮೂವರು.
ಈ ತುದಿಗೆ ಅಣ್ಣ, ಆ ತುದಿಗೆ ತಮ್ಮ,
ನಡುವೆ ತಂಗಿ, ಮಡಿಲಲ್ಲಿ ಪಹಣಿಗಳ ಪ್ಲಾಸ್ಟಿಕ್ ಚೀಲ.
‘ಆಯ್ತಾ?’ ಅಂತ ಒಬ್ಬೊಬ್ಬರೇ ಎದ್ದು ಬರುತ್ತಾರೆ,
ಒಟ್ಟಿಗೆ ಬರುವುದಿಲ್ಲ.

ಇಪ್ಪತ್ತೆರಡು ವರ್ಷದ ಕಸುಬು. ಮೊದಲು ಬಾಯಿಮಾತಿನ ತನಿಖೆ:
‘ಯಾವತ್ತಿಂದ? ಹೊಸದೇನಾದ್ರೂ ಹಾಕಿಸಿದ್ರಾ? ಯಾರಾದ್ರೂ ಮುಟ್ಟಿದ್ರಾ?’
‘ಏನೂ ಇಲ್ಲ ಕಣಪ್ಪ.’
ಡಾಕ್ಟರ ಮುಂದೆ, ಪೊಲೀಸರ ಮುಂದೆ, ನನ್ನ ಮುಂದೆ
ಎಲ್ಲರೂ ಇದನ್ನೇ ಅನ್ನುವುದು.

ಗೋಡೆಯ ಪ್ಲಗ್ಗು ಸಡಿಲವಿತ್ತು, ಬಿಗಿ ಮಾಡಿದೆ. ಟಕ್.
ಮುಚ್ಚಳ ಬಿಚ್ಚಿದೆ: ಕಾಗದದ ಹಿಟ್ಟು, ಕೂದಲು,
ಹಲ್ಲಿಯ ಎರಡು ಒಣ ಮೊಟ್ಟೆ.
ಬ್ಲೋಯರ್ ಹಿಡಿದು ಬೀದಿಗೆ ತೂರಿದೆ. ಪಕ್ಕದ ಎಳನೀರಿನವನು ಬೈದ. ಟಕ್.
ರ‍್ಯಾಮ್ ಕಿತ್ತು ಇಸ್ಕೂಲು ಮಕ್ಕಳ ರಬ್ಬರಿನಲ್ಲಿ
ಚಿನ್ನದ ಹಲ್ಲು ಉಜ್ಜಿದೆ.
ಪ್ರೊಸೆಸರಿನ ನೆತ್ತಿಯ ಪೇಸ್ಟು ಒಣಗಿ ಸುಣ್ಣವಾಗಿತ್ತು.
ಇದೇ, ಇನ್ನೇನು ಇದೇ, ಅಂದುಕೊಂಡು
ಕಡಲೆಕಾಳಿನಷ್ಟು ಹೊಸದು ಇಟ್ಟು ಕೂರಿಸಿದೆ.
ಬೆರಳಿಟ್ಟು ನೋಡಿದರೆ ತಣ್ಣಗಿದೆ.
ತಣ್ಣಗೇ ಸತ್ತಿತು.

ನನ್ನ ಚೀಲದ ಎಸ್ಸೆಂಪಿಎಸ್ಸನ್ನೇ ಹಾಕಿ ನೋಡಿದೆ.
‘ಪೂರ್ವಕ್ಕೆ ಹೊಂಬಾಳಮ್ಮನ’ ಅಂತ ಅಮ್ಮಣ್ಣಿ
ಈಗ ಪತ್ರ ನೋಡದೆಯೇ ಕುಟ್ಟುತ್ತಾರೆ.
ಉತ್ತರಕ್ಕೆ ಬಂದಾಗ ಮತ್ತೆ ಅದೇ.

‘ಆ ಕಡೀಕೆ ನಮ್ಮಪ್ಪ ತೋಡಿಸಿದ್ ಬಾವಿ ಅದೆ,’
ತಮ್ಮ ಬಾಗಿಲಲ್ಲಿ ನಿಂತು ಅಂದ,
‘ಅದ್ಕೆ ಇಷ್ಟ ಇಲ್ಲ ಅಂತ ಕಾಣ್ತದೆ.’
ಬೆಂಚಿನಿಂದ ಅಣ್ಣ ತಲೆ ಎತ್ತಿದ, ಏನೂ ಅನ್ನಲಿಲ್ಲ.
ನನಗೆ ರೇಗಿತು. ಬಾವಿಗೂ ಬೋರ್ಡಿಗೂ ವೈರಿಲ್ಲ.

ಸೋತು ನೆಲದ ಮೇಲೆ ಕೂತೆ, ಮೇಜಿನ ಕೆಳಗೆ.
ಯಂತ್ರ ಬಿಟ್ಟು ಮನುಷ್ಯರನ್ನು ನೋಡುವ ಎತ್ತರ ಅದು.
ಪೂರ್ವ, ಪಶ್ಚಿಮ, ದಕ್ಷಿಣ;
ಹಳೇ ಪತ್ರದಲ್ಲಿ ಉತ್ತರ ಇರುವುದು ಮಗ್ಗುಲು ಹಾಳೆಯಲ್ಲಿ.
ಅಮ್ಮಣ್ಣಿ ಹಾಳೆ ಮಗುಚಲು ಬಲಕ್ಕೆ ತಿರುಗಿದರು,
ಮಂಡಿ ಬಂದು ಡಬ್ಬಕ್ಕೆ ತಾಗಿತು,
ಟಕ್.

ಡಬ್ಬದ ಹಣೆಯಲ್ಲಿ ಆಯುಧಪೂಜೆಯ ಕುಂಕುಮ,
ಎರಡು ಬೆರಳಗಲ, ನೀರಲ್ಲಿ ಕಲಸಿ ಮೆತ್ತಿದ್ದು.
ಅದರಡಿ ರೀಸೆಟ್ ಗುಂಡಿ, ಒಣಗಿದ ಭಕ್ತಿಯಲ್ಲಿ ಸಿಕ್ಕಿ
ಅರ್ಧ ಒಳಗೆ, ಅರ್ಧ ಹೊರಗೆ,
ಒಂದು ಮಂಡಿಯ ಅಪ್ಪಣೆಗೆ ಕಾಯುತ್ತಾ.

ಸ್ಪಿರಿಟ್ ಬಟ್ಟೆ ತೆಗೆದೆ.
‘ಅದೊಂದ ಮಾತ್ರ ಅಳಿಸಬೇಡಿ.’
ಸರಿ. ಒಳಗಿಂದ ಎರಡು ಪಿನ್ನಿನ ವೈರು ಕಿತ್ತೆ.
ಗುಂಡಿ ಗುಂಡಿಯಾಗೇ ಉಳಿಯಿತು,
ಬರೀ ಬೊಟ್ಟು.

‘ಉತ್ತರಕ್ಕೆ ಸದರಿ ಮೂವರಿಗೂ ಸೇರಿದ ಜಂಟಿ ಬಾವಿ.’
ಪೂರ್ಣವಿರಾಮ. ಸೇವ್.
ಇನ್ನೂರೈವತ್ತು ಕೇಳಿದೆ, ಇನ್ನೂರು ಕೊಟ್ಟರು.

ಸ್ಕ್ರೂ ತಿರುಗಿಸುತ್ತಿದ್ದಾಗ ತಂಗಿ ಒಳಗೆ ಬಂದಳು.
‘ಇದ ಒತ್ತುದ್ರೆ ಎಲ್ಲಾ ಮೊದ್ಲಿಂದ ಸುರುವಾಯ್ತಿತ್ತಾ?’
‘ಆಗ್ತಿತ್ತು. ಈಗ ವೈರಿಲ್ಲ.’
ಕೇಳಿಸಿಕೊಂಡಳು. ಆದರೂ ಬಗ್ಗಿ
ಹೆಬ್ಬೆರಳಲ್ಲಿ ಒಂದು ಸಲ ಒತ್ತಿದಳು.
ಪ್ರಿಂಟರು ಎರಡನೇ ಪ್ರತಿ ಎಳೆದುಕೊಳ್ಳುತ್ತಿತ್ತು.
ಬೆರಳಿಗೆ ಹತ್ತಿದ ಕುಂಕುಮವನ್ನು
ಎಲ್ಲಿ ಒರೆಸುವುದೆಂದು ತಿಳಿಯದೆ ನಿಂತಳು.